ತೂಕದ ಚೀಟಿ

ಬೇಲೂರು ರಸ್ತೆಯ ನನ್ನ ವೇ ಬ್ರಿಜ್ ಮೇಲೆ
ಎರಡು ಆಲೂಗಡ್ಡೆ ಲಾರಿಗಳ ನಡುವೆ
ಬಂದು ನಿಂತಿತು ಕೆಂಪು ಕಾರು:
ಎರಡೇ ಸೀಟು, ಬಟ್ಟೆಯ ಸೂರು,
ನೆಲಕ್ಕೂ ಹೊಟ್ಟೆಗೂ ಅಂಗೈ ಅಂತರ.
ಸಾವಿರದ ಐವತ್ತು ಕೆಜಿ.
ಇಪ್ಪತ್ತೊಂದು ಮೂಟೆ, ಅಷ್ಟೇ.

ಸಕಲೇಶಪುರದ ಪ್ಲಾಂಟರು ಕೀ ಕೊಟ್ಟು ಹೋದರು,
ವಾರ ಇಟ್ಕೊಂಡು ನೋಡಿ ಎಂದು.

"ಕೊಳ್ಳೋದಲ್ಲ ಧರಣೇಂದ್ರಣ್ಣ, ಸಾಕೋದು,"
ಗ್ರೀಸಿನ ಕೈ ಒರೆಸುತ್ತ ಇಲಿಯಾಸ್ ಅಂದ.
"ಹಿಂದಿನ ದೀಪ ಒಡೆದ್ರೆ ಜರ್ಮನಿಯಿಂದ ಬರಬೇಕು.
ಸೂರಿನ ಬಟ್ಟೆ ಇಲಿ ಕಡೀತೋ,
ಒಂದು ಸೀಮೆಹಸುವಿನ ದುಡ್ಡು."

ಚೀಟಿಯ ಬೆನ್ನಿಗೆ ಬರೆದೆ:
ವಿಮೆ. ತೆರಿಗೆ. ನಾಲ್ಕು ಟೈರು.
ಲೀಟರಿಗೆ ಒಂಬತ್ತು, ಅದೂ ಇಳಿಜಾರಲ್ಲಿ.
ಹಾಸನದಿಂದ ಹಳೇಬೀಡಿಗೆ ಹಂಪು ಮೂವತ್ತನಾಲ್ಕು;
ಬಸ್ಸಿನ ಕಿಟಕಿಗೆ ಕೂತು ಎಣಿಸಿ ಬಂದೆ.
ಕೂಡಿದೆ. ಇನ್ನೊಮ್ಮೆ ಕೂಡಿದೆ.
ಮೊತ್ತ ಕಮ್ಮಿಯಾಗಲಿಲ್ಲ.

ಸಂಜೆ ಕೊನೆಯ ಲಾರಿ ಇಳಿದ ಮೇಲೆ
ಇಲಿಯಾಸನನ್ನು ಕಂಪ್ಯೂಟರ್ ಮುಂದೆ ಕೂರಿಸಿ
ಸೂರು ಮಡಚಿ, ನಾನೇ ಹತ್ತಿ ಕೂತೆ.
ಇಂಜಿನ್ ಶುರು ಮಾಡಲಿಲ್ಲ.
ತಲೆಯ ಮೇಲೆ ಬೆಳ್ಳಕ್ಕಿ ಸಾಲು ದಾಟಿತು.

ಒಟ್ಟು ತೂಕ. ಖಾಲಿ ತೂಕ.
ನಿವ್ವಳ ಎಪ್ಪತ್ತು ಕೆಜಿ.

ಹದಿನೆಂಟು ವರ್ಷ ಊರವರ ಮೂಟೆ ತೂಗಿದ್ದೇನೆ.
ಕಿಟಕಿಯಿಂದ ಇಲಿಯಾಸ್ ಕೂಗಿ ಕೇಳಿದ,
ದಿನವೂ ನಾನು ಕೇಳುವ ಹಾಗೇ:
"ಸರಕು ಏನೂಂತ ಬರೀಲಿ?"