ಬೀಗದ ಕೈ

ಮೊದಲು ತಂತಿ ಬಂತು. ಆಮೇಲೆ ಗೇಟು.
ಆಮೇಲೆ ಗೇಟಿಗೊಂದು ನಾಯಿ, ನಾಯಿಗೊಂದು ಹೆಸರು, ದುಕೆ.
ನಾಯಿಗೆ ಊಟ ಹಾಕಲು ನಮ್ಮೂರಿನವನೇ ಒಬ್ಬ, ಎವಾರಿಸ್ತೊ,
ಮೂರನೇ ಕ್ಲಾಸಿನಲ್ಲಿ ನನ್ನ ಜೊತೆ ಫೇಲಾದವನು.

ಪೈನ್ ತೋಪು ಕೊಂಡ ಸಾಂತಿಯಾಗೊದ ವಕೀಲ ಒಳ್ಳೆಯವನೇ.
ಕಡಲು ನಿಮ್ಮದು, ಅಂದ. ಕಾನೂನು ಹಾಗೇ ಇದೆ,
ಉಬ್ಬರದ ಗೆರೆಯಿಂದಾಚೆ ಪೂರಾ ನಿಮ್ಮದು.
ಗೆರೆಯವರೆಗಿನ ದಾರಿ ಮಾತ್ರ ನನ್ನದು.
ಹಾರಿಕೊಂಡು ಹೋಗುವುದಾದರೆ ನನ್ನ ತಕರಾರಿಲ್ಲ.
ಹೊಲ ಮೇಯ್ದ ಬೇಲಿ ಕಡಲಿಗೂ ಬಾಯಿ ಹಾಕಿದ್ದು ಹೀಗೆ,
ನಯವಾಗಿ, ಕಾಫಿ ಕೊಟ್ಟು.

ಅಜ್ಜಿ ಎರ್ಮೆಲಿಂದಾ ಆ ದಾರಿಯಲ್ಲಿ ಅರವತ್ತು ವರ್ಷ
ಕೊಚಾಯುಯೊ ಹೊತ್ತವಳು.
ಬಂಡೆ ಕಚ್ಚಿ ಬೆಳೆಯುವ ಕಡಲ ಪಾಚಿ, ತೊಗಲಿನ ಬೆಲ್ಟಿನಂಥದು,
ಇಳಿತದಲ್ಲಿ ಕೊಯ್ದು, ಮರಳಲ್ಲಿ ಒಣಗಿಸಿ,
ಸಿಂಬೆ ಸುತ್ತಿ ಕತ್ತೆಯ ಮೇಲೆ.
ದಾರಿ ಇತ್ತೆಂಬುದಕ್ಕೆ ಸಾಕ್ಷಿ ಏನು ಎಂದು ಕಚೇರಿಯಲ್ಲಿ ಕೇಳಿದಾಗ
ಬೂಟು ಬಿಚ್ಚಿ ಪಾದ ಮೇಜಿನ ಮೇಲಿಡಲು ಹೊರಟಳು.
ತಡೆದೆವು.
ಗುಮಾಸ್ತೆ ಬರೆದುಕೊಂಡಳು: ದಾಖಲೆ ಇಲ್ಲ.

ನಮಗೆ ಬೇಕಿದ್ದದ್ದು ಪಾಚಿಯಲ್ಲ, ಅಲೆ.
ಕಪ್ಪು ಬಂಡೆಯ ಮೂತಿಗೆ ತಾಗಿ ಎಡಕ್ಕೆ ಹೊರಳಿ
ನಲವತ್ತು ಎಣಿಸಿದರೂ ಮುರಿಯದ ಅಲೆ.
ಹಲಗೆಗಳನ್ನು ತಂತಿಯಾಚೆ ಕೈಯಿಂದ ಕೈಗೆ ದಾಟಿಸುತ್ತ
ಎರಡು ಚಳಿಗಾಲ ಕದ್ದು ಹೋದೆವು.
ತೊಡೆಯ ಮೇಲೆ ತಂತಿ ಗೀಚಿದ ಸಾಲನ್ನು
ಉಪ್ಪುನೀರು ಓದುತ್ತಿತ್ತು ಪ್ರತಿ ಸಲ, ಗಟ್ಟಿಯಾಗಿ.

ಆಮೇಲೆ ರಸ್ತೆಗಿಳಿದೆವು. ಬೋಗುಣಿ ಬಡಿದೆವು. ಹೆದ್ದಾರಿಗೆ ಅಡ್ಡ ದೋಣಿ ಎಳೆದೆವು.
ದೋಣಿಗೆ ಬಳಿದು ಮಿಕ್ಕ ಕೆಂಪು ಬಣ್ಣದಲ್ಲಿ
ಹಳೆಯ ಹಾಸುಬಟ್ಟೆಯ ಮೇಲೆ ನಾನೇ ಬರೆದೆ:
ಕಡಲು ಎಲ್ಲರದು.
ಕಡಲು ದೊಡ್ಡದಾಗಿ ಬಂತು.
ಎಲ್ಲರು ಬರುವ ಹೊತ್ತಿಗೆ ಬಟ್ಟೆ ಮುಗಿಯುತ್ತ ಬಂದು
ಅಕ್ಷರ ಚಿಕ್ಕದಾಗಿ, ಒಂದರ ಮೇಲೊಂದು ಬಿದ್ದವು.

ವಕೀಲ ರಾಜಿಗೆ ಬಂದ. ಗೇಟು ಇರುತ್ತದೆ,
ಊರವರಿಗೊಂದು ಬೀಗದ ಕೈ ಕೊಡುತ್ತೇನೆ, ಊರವರಿಗಷ್ಟೇ.
ಕೊಟ್ಟ.
ಬೀಗದ ಕೈ ನಮ್ಮ ಕೈಗೆ ಬಂತು,
ಬೀಗಿದೆವು.

ಅಜ್ಜಿ ಅದನ್ನು ಮುಟ್ಟಲಿಲ್ಲ.
ಕತ್ತೆಯ ದಾರಿಗೆ ಮೊಮ್ಮಕ್ಕಳ ಅಪ್ಪಣೆ ಬೇಕೇನೋ, ಅಂದಳು.
ಈಗಲೂ ಇಳಿತ ಕಾದು ಬಂಡೆ ಬಳಸಿ
ಸೊಂಟದವರೆಗಿನ ನೀರಲ್ಲಿ ಹೋಗುತ್ತಾಳೆ,
ಪೂರಾ ನಮ್ಮದಾದ ಕಡಲಲ್ಲಿ.

ಜನವರಿಯಲ್ಲಿ ತಾಲ್ಕಾದಿಂದ ಒಂದು ವ್ಯಾನು.
ಗಂಡ, ಹೆಂಡತಿ, ಹನ್ನೊಂದರ ಹುಡುಗಿ,
ಮೇಲೆ ಹಗ್ಗ ಬಿಗಿದ, ಯಾರೋ ಬಳಸಿ ಬಿಟ್ಟ ಹಲಗೆ.
ಗೇಟು ತೆಗೆಯುತ್ತೀರಾ, ಎಂದರು.
ಬೀಗದ ಕೈ ಮನೆಯಲ್ಲಿದೆ, ಅಂದೆ.
ಜೇಬಿನಲ್ಲಿತ್ತು. ತೊಡೆಯ ಹಳೆಯ ಗಾಯಕ್ಕೆ ಒತ್ತುತ್ತಿತ್ತು.

ಅಂದು ರಾತ್ರಿ ಅವರ ಎರಡು ಟೈರು ಯಾರೋ ಚುಚ್ಚಿದರು.
ಬೆಳಿಗ್ಗೆ ಬಂಡೆಯ ಮೇಲೆ ಕೆಂಪಗೆ: ಊರವರಿಗೆ ಮಾತ್ರ.
ಕೈಬರಹ ನನ್ನದಲ್ಲ.
ಬಣ್ಣ ನಮ್ಮ ಮನೆಯದು.
ಎವಾರಿಸ್ತೊ ಬೀಡಾಡಿ ನಗೆ ನಕ್ಕ:
ಇನ್ನು ದುಕೆಗೆ ರಜೆ ಕೊಡಬಹುದು ಬಿಡು.

ಮಧ್ಯಾಹ್ನ ನೀರಿನಲ್ಲಿ ಕೂತಿದ್ದೆವು, ಸರದಿ ಕಾಯುತ್ತ, ಆರು ಜನ.
ಏಳನೆಯದಾಗಿ ಅವಳು ಬಂದಳು.
ತುಟಿ ನೀಲಿ, ರಬ್ಬರು ಅಂಗಿ ತೊಡೆಯ ಹತ್ತಿರ ಹರಿದು
ಒಳಗೆ ತೆಳ್ಳಗೆ ಒಂದು ಕೆಂಪು ಗೀರು.
ಎಲ್ಲಿ ನುಸುಳಿದಳೆಂದು ನನಗೆ ಗೊತ್ತು,
ಆ ಜಾಗ ನಾವೇ ಬಗ್ಗಿಸಿದ್ದು.
ಯಾರೂ ಮಾತಾಡಲಿಲ್ಲ. ಒಬ್ಬ ಉಗಿದ.
ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಗೇಟಿನ ಹತ್ತಿರ ನೋಡಿದ ಹಾಗೇ.

ಆಚೆ ಒಂದು ಎದ್ದಿತು.
ಯಾವ ಊರಿನದೋ, ಎಷ್ಟು ದಿನದಿಂದ ಅಲೆದು ಬಂದದ್ದೋ.
ಸರದಿ ನನ್ನದು.
ಹೋಗು ಅಂದೆನೋ, ಅನ್ನಬೇಕೆಂದುಕೊಂಡೆನೋ, ಗಾಳಿ ಜೋರಿತ್ತು.
ಅವಳಾಗಲೇ ಬೆನ್ನು ತಿರುಗಿಸಿ
ಎರಡೂ ಕೈಯಲ್ಲಿ ನೀರು ಬಗೆಯುತ್ತಿದ್ದಳು.