ಸ್ಯಾಂಪಲ್ ಪುಸ್ತಕ

ಕಾರಟಗಿಯ ಮಿಲ್ಲಿನ್ಯಾಗ ಇಪ್ಪತ್ತಾರು ವರ್ಷ
ನನ್ನ ಕೆಲಸ ಇಷ್ಟ: ಅಂಗೈಯಾಗ ಅಕ್ಕಿ ಹಿಡದು ನೋಡೋದು.
ಹಲ್ಲಿಗೆ ಒಂದು ಕಾಳು. ಕಟ್ ಅಂದ್ರ ಒಣಗೇತಿ,
ಮೆತ್ತಗ ಮುರಿದ್ರ ಇನ್ನೂ ಎರಡು ಬಿಸಲು ಬೇಕು.
ನುಚ್ಚು ಎಷ್ಟು, ಕೆಂಪು ಎಷ್ಟು, ಪಾಲಿಶ್ ಎಷ್ಟು,
ನೀಲಿ ರಟ್ಟಿನ ಪುಸ್ತಕದಾಗ ಬರಕೊಂತ ಬಂದೀನಿ.
ವ್ಯಾಪಾರಿ ಕೇಳೋದು ಒಂದ ಮಾತು:
"ಶರಭಣ್ಣ, ಮಲ್ಲಿಗಿಗಿಂತ ಬೆಳ್ಳಗ ಐತೇನು?"

ತೌಡು ಬ್ಯಾರೆ ಕೊಳವಿಯಾಗ ಇಳೀತೈತಿ,
ಬೆಚ್ಚಗ, ಕಂದು, ಕೂಸಿನ ನೆತ್ತಿಯ ವಾಸನಿ.
ಅದು ಎಣ್ಣಿ ಫ್ಯಾಕ್ಟರಿಗೆ, ಎಮ್ಮಿಗೆ.
ಬಿಳಿದು ನಮಗ.

ಚಪ್ಪಲಿಯ ಮೊಳಿ ಹೆಬ್ಬೆರಳಿಗೆ ನಟ್ಟಿತ್ತಂತ.
ನನಗ ಗೊತ್ತ ಆಗಲಿಲ್ಲ.
ಅಂಗಳ ಗುಡಿಸೋ ಖಾಜಾಬನ್ನಿ
ಅಕ್ಕಿ ಮ್ಯಾಲಿನ ಕೆಂಪು ಹೆಜ್ಜಿ ಹಿಡದು ಬಂದು
ನನ್ನ ಕಾಲ ಮುಂದ ನಿಂತಳು.

ಗಂಗಾವತಿ ಡಾಕ್ಟರು ಬೆರಳು ಚುಚ್ಚಿದರು.
ಒಂದ ಹನಿ. ಪಟ್ಟಿ ಅದನ್ನ ಹೀರಕೊಂತು,
ನಾನು ಕಾಳು ಹಲ್ಲಿಗೆ ಇಟ್ಟಂಗ.
ಎರಡನೂರ ತೊಂಬತ್ತೆಂಟು.
"ಏನು ಉಣತೀರಿ?"
"ಅನ್ನ ರೀ."
"ಅದರ ಜೋಡಿ?"
"ಅನ್ನದ ಜೋಡಿ ಏನು ಇರತೈತ್ರಿ, ಸಾರು."

ಪುಸ್ತಕದ ಹಿಂದಿನ ಹಾಳಿಯಿಂದ
ನಂದ ಲೆಕ್ಕ ಸುರು ಮಾಡಿದೆ.
ಮಂಗಳವಾರ: ಮಂಡಾಳ ಒಗ್ಗರಣಿ, ಎರಡು ಮಿರ್ಚಿ, ಮೂರು ಚಾ.
ಒಂಬತ್ತಕ್ಕ ನಾನ ಅರಸ. ಹನ್ನೆರಡಕ್ಕ ಕೈ ನಡುಗಿ
ಕಾಟಾದ ಹುಡುಗ ಯಮನೂರನ ಮಾರಿಗೆ
ಲಾರಿ ಚೀಟಿ ಒಗದೆ.
ತಪ್ಪು ಅವಂದಲ್ಲ.
ಬುಧವಾರ: ಗಂಗಾಳ ತುಂಬ ಅನ್ನ, ಮತ್ತೊಂದು ಸಲ ಅನ್ನ.
ಮೂರಕ್ಕ ಕಣ್ಣಾಗ ಉಸುಕು. ಚೀಲದ ಮ್ಯಾಲ ತಲಿ ಇಟ್ಟೆ.
ಎದ್ದಾಗ ಯಾಕರ ಎದ್ದೆ ಅನಿಸ್ತು.
ಇದನ್ನ ಬರಿಯಲೋ ಬ್ಯಾಡೋ ಅಂತ
ಬಾಳ ಹೊತ್ತು ಪೆನ್ನು ಹಿಡದು ಕುಂತಿದ್ದೆ.
ಬರದೆ.
ಗುರುವಾರ: ಜೋಳದ ರೊಟ್ಟಿ ಎರಡು, ಹೆಸರುಕಾಳ ಪಲ್ಯ,
ಹಸಿ ಮೆಂತ್ಯ, ಉಳ್ಳಾಗಡ್ಡಿ, ಗುರೆಳ್ಳ ಪುಡಿ.
ನೂರ ಅರವತ್ತೆರಡು. ಯಮನೂರಗ ಚಾ ಕುಡಿಸಿದೆ,
ಅವ ಹೆದರಿ ಕುಡದ.
ರೊಟ್ಟಿ ಛಲೋ ಅಂತ ಮರುದಿನ ಆರು ತಿಂದೆ.
ಎರಡನೂರ ಮೂವತ್ತು.
ರೊಟ್ಟಿಗೂ ಲೆಕ್ಕ ಬರತೈತಿ.

ಹಂಪಮ್ಮಗ ಬ್ಯಾರೆ ಚಿಂತಿ:
"ಬೀಗರು ಬಂದಾಗ ರೊಟ್ಟಿ ಬಡದರ
ಮಂದಿ ಬಡತನ ಬಂತು ಅಂತಾರ."
ಆಕಿ ಮಾತು ಸುಳ್ಳಲ್ಲ.
ಕಾಲುವಿ ಬರೋ ಮುಂಚೆ ನಮ್ಮವ್ವ
ಅಕ್ಕಿಯನ್ನ ಅರಿವಿ ಗಂಟಿನ್ಯಾಗ ಕಟ್ಟಿ
ಜಂತಿಗೆ ತೂಗಹಾಕಿರತಿದ್ದಳಂತ.
ಗಂಟು ಇಳಿದ್ರ ಹಬ್ಬ,
ಇಲ್ಲಾ ಯಾರಿಗರ ಜ್ವರ.
ನೀರು ಬಂತು, ಎರಿ ಹೊಲ ಗದ್ದಿ ಆತು,
ಗಂಟು ಬಿಚ್ಚಿದ್ದು
ಮತ್ತ ಕಟ್ಟಲೇ ಇಲ್ಲ.

ಹೋದ ವಾರ ಮಾಲೀಕರ ಮಗಳು ಲೆಕ್ಕ ನೋಡಾಕ ಬಂದಳು.
ಪುಸ್ತಕ ತಿರುವಿ, ಹಿಂದಿನ ಹಾಳಿಗೆ ಹೋಗಿ,
ಹುಬ್ಬು ಗಂಟು ಹಾಕಿ ಕೇಳಿದಳು:
"ಅಂಕಲ್, ಈ ಎರಡನೂರ ಮೂವತ್ತು ಯಾವ ಲಾಟು?"
"ಅದು ನಾನ್ರೀ ತಂಗಿ."
ಆಕಿ ಒಂದೊಂದ ಸಾಲು ಓದಿದಳು.
ಬುಧವಾರದ ಹತ್ರ ಬೆರಳು ನಿಂತಿತು.
ಏನೂ ಅನ್ನಲಿಲ್ಲ. ಪುಸ್ತಕ ಮೆಲ್ಲಕ ಮುಚ್ಚಿ
ನನ್ನ ಕಡೆ ಸರಿಸಿದಳು.

ಇವತ್ತು ಸಂಜಿ ಹೊಸ ಲಾಟು ಬಂತು, ಕೊನಿ ಲಾರಿ.
ಒಂದು ಕಾಳು ಕಡದೆ, ಕಟ್ ಅಂತು.
ಉಗುಳಲಿಲ್ಲ, ನುಂಗಲಿಲ್ಲ,
ಸುಮ್ಮನ ಅಗಕೊಂತ ಕುಂತೆ.
ಹಿಟ್ಟಾತು, ಹಾಲಾತು,
ಆಮ್ಯಾಲ ನಾಲಗಿ ತುದಿಗೆ ಕಂಡೂ ಕಾಣದಂಗ
ಸಿಹಿ.
ಇಷ್ಟು ವರ್ಷ ಮುರಿಯೋ ಸಪ್ಪಳ ಕೇಳಿ ಎದ್ದು ಹೋಗಿದ್ದೆ,
ಅಲ್ಲೀತನಕ ಕಾದಿರಲಿಲ್ಲ.