ಹೊಳೆಕೊಪ್ಪದ ಸೌದೆ ಲೆಕ್ಕ

ಮಾಘದ ಚಳಿಯಲ್ಲಿ ಸಮಿತಿಯವರು ಕೊಟ್ಟದ್ದು
ಒಂದು ಸ್ಪ್ರಿಂಗ್ ತಕ್ಕಡಿ, ರಟ್ಟಿನ ಹೊದಿಕೆಯ ರಿಜಿಸ್ಟರು,
ದಿನಕ್ಕೆ ನೂರೈವತ್ತು ರೂಪಾಯಿ.
ಹತ್ತು ದಿನ, ಇಪ್ಪತ್ತಮೂರು ಮನೆ.
ಬೆಳಿಗ್ಗೆ ತೂಗಿ ಇಡು, ಸಂಜೆ ಉಳಿದದ್ದು ತೂಗು,
ಕಳೆದರೆ ಬರುವುದೇ ಉರಿದದ್ದು.
ಇಷ್ಟೇ, ಎಂದರು.
ಗಣಿತಕ್ಕೆ ಎಪ್ಪತ್ತೆಂಟು ಬಂದವಳು ನಾನು,
ಇಷ್ಟೇನಾ, ಅಂದುಕೊಂಡೆ.

ಮೊದಲ ದಿನವೇ ಗುತ್ಯಮ್ಮ ಹೊರೆ ಇಳಿಸಿ,
ಸಿಂಬೆ ಬಿಚ್ಚಿ ಅದರಲ್ಲೇ ಮುಖ ಒರೆಸಿಕೊಂಡು
ಇಪ್ಪತ್ತೆಂಟು, ಅಂದಳು, ನಾನು ಕೊಕ್ಕೆ ಸಿಕ್ಕಿಸುವ ಮೊದಲೇ.
ಮುಳ್ಳು ಇಪ್ಪತ್ತೆಂಟರ ಮೇಲೆ ಸ್ವಲ್ಪ ನಡುಗಿ ನಿಂತಿತು.
"ಮಳೆ ಬಿದ್ರೆ ಇದೇ ಹೊರೆ ಮೂವತ್ತೈದು, ಬರ್ಕೋ."
ಅದಕ್ಕೆ ಜಾಗ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ.

ಅಡಿಗೆ ಒಲೆಗೆ ಮೂರೂವರೆ ಕಿಲೊ,
ಬಚ್ಚಲ ಒಲೆಗೆ ಒಂಬತ್ತು.
ಉಣ್ಣುವ ಬಾಯಿಗಿಂತ ಮೀಯುವ ಮೈ ಹೆಚ್ಚು ತಿನ್ನುತ್ತದೆಂದು
ಯಾರಿಗೆ ಗೊತ್ತಿತ್ತು?
ಗೊತ್ತಿತ್ತಂತೆ, ಎಲ್ಲ ಹೆಂಗಸರಿಗೂ.
ಗಂಡಸರು ಹಂಡೆಯ ಕಡೆ ನೋಡಿ
ಕತ್ತಿನ ಹಿಂದೆ ಕೆರೆದುಕೊಂಡರು.

ಗಿಡ್ಡಜ್ಜ ಹಿತ್ತಿಲ ಮಾವಿನ ಬೊಡ್ಡೆಗೆ ಕೈಯೂರಿ
ಇದನ್ನ ಲೆಕ್ಕಕ್ಕೆ ಹಿಡೀಬ್ಯಾಡ ಕೂಸೇ,
ಇದು ನನ್ನ ಒಂದೇ ಸಲದ ಖರ್ಚು, ಅಂದು ನಕ್ಕ.
ಮರ: ಸೊನ್ನೆ, ಎಂದು ಬರೆದೆ.

ಹನ್ನೊಂದನೇ ಮನೆ, ಹನ್ನೆರಡನೇ ಮನೆ
ಮೊನ್ನೆ ದೀಪಾವಳಿಯವರೆಗೆ ಒಂದೇ.
ಒಂದು ಎಮ್ಮೆಯ ಮಾತಿಗೆ ಅಣ್ಣತಮ್ಮ ಪಾಲಾಗಿ
ನಡುವೆ ಮಣ್ಣಿನ ಗೋಡೆ ಎದ್ದಿತು, ಒಲೆ ಎರಡಾಯಿತು.
ಆಗ ಹತ್ತು ಜನಕ್ಕೆ ಹದಿನಾಲ್ಕು ಕಿಲೊ,
ಈಗ ಐದೈದು ಜನಕ್ಕೆ ಹನ್ನೊಂದು, ಹನ್ನೊಂದು.
ಸೊರಬದಿಂದ ಬಂದ ಸಾಹೇಬರು ಕನ್ನಡಕ ಮೇಲೆತ್ತಿ
ಎಂಟು ಕಿಲೊ ಉಳಿಸಬಹುದಲ್ಲ! ಅಂದರು.
ಹನ್ನೊಂದರ ಕನ್ನಮ್ಮ ಸೌಟು ಹಿಡಿದೇ ಹೊರಬಂದಳು:
"ಗ್ವಾಡೆ ಕೆಡವೋಕೆ ನಿಮ್ಮ ಯೋಜನೇಲಿ ಸಬ್ಸಿಡಿ ಐತಾ?"
ಗೋಡೆಯಾಚೆ ಯಾರೋ ಕಿಸಕ್ಕೆಂದರು.
ತಕ್ಷಣ ಪಾತ್ರೆಯ ಸದ್ದು, ಜೋರಾಗಿ.

ಒಂಬತ್ತನೇ ದಿನ. ಮಂಜು ಇನ್ನೂ ಗದ್ದೆಯಲ್ಲೇ ಮಲಗಿತ್ತು.
ಹನ್ನೆರಡರ ಮಗು ಒಡೆದ ಹೆಂಚಿನ ಚೂರು ಹಿಡಿದು
ಹನ್ನೊಂದರ ಬಾಗಿಲಲ್ಲಿ. ಮಾತಿಲ್ಲ.
ಕನ್ನಮ್ಮ ಒಲೆ ಕೆದಕಿ, ನೇರಲ ಕೊರಡಿನ
ಎರಡು ಕೆಂಡ, ದೊಡ್ಡವೇ, ಆರಿಸಿ ಹಾಕಿದಳು,
ಮೇಲಿಷ್ಟು ಬೂದಿ ಉದುರಿಸಿದಳು, ಗಾಳಿಗೆ ಆರದಿರಲೆಂದು.
ಮಗು ಉಸಿರು ಬಿಗಿಹಿಡಿದು ಗೋಡೆ ಬಳಸಿ ನಡೆಯಿತು.

ತಕ್ಕಡಿ ನನ್ನ ಕೈಯಲ್ಲೇ ಇತ್ತು.
ಕೊಕ್ಕೆಗೆ ಕೆಂಡ ತೂಗುಹಾಕುವುದು ಹೇಗೆ?
ಯಾರಲ್ಲಿ ಕಳೆಯಲಿ,
ಯಾರಲ್ಲಿ ಕೂಡಲಿ?

ರಿಜಿಸ್ಟರು ಒಪ್ಪಿಸಿದ ದಿನ ಸಾಹೇಬರು
ಮೊತ್ತ ಎರಡು ಸಲ ಕೂಡಿದರು, ಸರಿಯಿತ್ತು.
ಬೆರಳು ಒಂದು ಕಡೆ ನಿಂತಿತು:
"ಹನ್ನೆರಡನೇ ಮನೆ. ಬೆಂಕಿಪೊಟ್ಟಣದ ಕಾಲಂ ಯಾಕೆ ಖಾಲಿ?"
ತರೋದಿಲ್ಲ ಸಾರ್.
"ಮತ್ತೆ ಒಲೆ ಹೊತ್ತೋದು?"
ಹೊತ್ತುತ್ತದೆ, ಅಂದೆ.